ಪೈಥಾನ್‌ನಲ್ಲಿ ಬಗ್ ಸಿಕ್ಕಿತಾ? ವರದಿ ಬರೆಯುವುದರಿಂದ ಸರಿಪಡಿಸುವವರೆಗೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆಯಿರಿ. ಪಠ್ಯದಲ್ಲಿ ಮಾದರಿ ಹುಡುಕುವ ಅದರ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲ್‌ಗೆ "ಬೆಳಗಾವಿ" ಎಂಬ ಹೆಸರು ಕೊಟ್ಟು, ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಪ್ಲಸ್ (\w+) ಹಾಕಿ, ಇದರಲ್ಲಿರುವ ಪದಗಳನ್ನು ಹುಡುಕು ಅನ್ನಿ. ಒಂದೇ ಪದ ಸಿಗಬೇಕು, ಅಲ್ವಾ? ಸಿಗುವುದು ಮೂರು ತುಂಡು: ಬ, ಳಗ, ವ. "ವಿಜಯಪುರ" ಕೊಟ್ಟರೆ ವ, ಜಯಪ, ರ. "ಬಾಗಲಕೋಟೆ" ಕೊಟ್ಟರೆ ಬ, ಗಲಕ, ಟ. ಏತ್ವ, ಇಳಿ, ಗುಡಿಸು, ಕೊಂಬು ಎಲ್ಲ ಮಾಯ.

ಬೆಳಗಾವಿಯ ವಿಟಿಯು ಕೆಳಗೆ ಬರುವ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕನ್ನಡ ಪಠ್ಯ ಹಿಡಿದುಕೊಂಡವರಿಗೆ ಇಂಥದ್ದು ಎದುರಾಗುತ್ತದೆ. "ಪೈಥಾನ್ ಹಿಂಗೇ ಐತ್ರಿ ಸರ" ಅಂತ ಹೇಳಿ, ಏನೋ ಒಂದು ತೇಪೆ ಹಾಕಿ, ಪ್ರಾಜೆಕ್ಟ್ ಮುಗಿಸಿಬಿಡುತ್ತಾರೆ. ಮುಂದಿನ ವರ್ಷ ಬಂದವರಿಗೆ ಮತ್ತೆ ಅದೇ ಗೋಳು. ನನಗೆ ಇದು ಸರಿ ಅನ್ನಿಸುವುದಿಲ್ಲ. ಪೈಥಾನ್ ಮುಕ್ತ ತಂತ್ರಾಂಶ. ಅದರ ಕೋಡ್ ಎಲ್ಲರ ಮುಂದಿದೆ, ಬಗ್ ಅಂದರೆ ದೋಷಗಳ ಪಟ್ಟಿಯೂ ಎಲ್ಲರ ಮುಂದಿದೆ, ಯಾರು ಬೇಕಾದರೂ ವರದಿ ಹಾಕಬಹುದು. ಅದನ್ನು ನೋಡಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಏನಾದರೂ ಕೆಟ್ಟಿದ್ದರೆ ಅದು ಕಾಣುವುದು ನಮಗೆ, ಹೇಳಬೇಕಾದವರೂ ನಾವೇ.

ಇಲ್ಲಿ ಉದಾಹರಣೆಗೆ ಪೈಥಾನ್ ತೆಗೆದುಕೊಂಡಿದ್ದೇನೆ, ನಮ್ಮ ಲ್ಯಾಬ್‌ಗಳಲ್ಲಿ ಜಾಸ್ತಿ ಬಳಕೆ ಅದರದ್ದೇ. ರಸ್ಟ್, ಗೋ, ಜೂಲಿಯಾ, ರೂಬಿ ಯಾವುದೇ ಆದರೂ ದಾರಿ ಹೆಚ್ಚು ಕಡಿಮೆ ಇದೇ.

ಮೊದಲ ಹೆಜ್ಜೆ: ತಪ್ಪು ಯಾರದ್ದು?

ಇಲ್ಲಿ ಸಮಯ ಕೊಡಿ. ಬಗ್ ಎಂದು ಬರುವ ವರದಿಗಳಲ್ಲಿ ಎಷ್ಟೋ ಭಾಷೆಯ ಬಗ್ ಆಗಿರುವುದೇ ಇಲ್ಲ. ಅವನ್ನು ನೋಡಿ, ವಿವರಿಸಿ, ಮುಚ್ಚುವ ಕೆಲಸ ಮಾಡುವವರು ಬಹಳ ಮಟ್ಟಿಗೆ ಸ್ವಯಂಸೇವಕರು. ಅವರ ಸಂಜೆ ಹಾಳು ಮಾಡಬಾರದು.

ಮೊದಲು ನಿಮ್ಮ ಮಾಹಿತಿಯನ್ನೇ ಅನುಮಾನಿಸಿ. ತಾಲೂಕುವಾರು ಜೋಳದ ದರದ ಪಟ್ಟಿ ಕೂಡಿಸಲು ಹೋಗಿ ಒಂದೇ ಜಿಲ್ಲೆ ಎರಡು ಸಲ ಬಂದರೆ, ಒಂದು ಕಡೆ ಬಿಜಾಪುರ, ಇನ್ನೊಂದು ಕಡೆ ವಿಜಯಪುರ ಅಂತಿದೆಯೇ ನೋಡಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು, ಹಳೆಯ ಕಡತಗಳು ಬದಲಾಗಲಿಲ್ಲ. ಇದರಲ್ಲಿ ಪೈಥಾನ್‌ನ ತಪ್ಪು ಏನೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಎರಡು ಕಡೆಯೂ ಬಾಗಲಕೋಟೆ ಅಂತಲೇ ಬರೆದಿದೆ, ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆದರೆ ಹೋಲಿಸಿದರೆ ಎರಡೂ ಬೇರೆ ಅನ್ನುತ್ತದೆ. ಉದ್ದ ಕೇಳಿದರೆ ಒಂದಕ್ಕೆ 8, ಇನ್ನೊಂದಕ್ಕೆ 10. ಕಾರಣ ಇಷ್ಟೇ: "ಕೋ" ಎಂಬಲ್ಲಿರುವ ಓತ್ವದ ದೀರ್ಘವನ್ನು ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಒಂದೇ ಸಂಕೇತವಾಗಿಯೂ ಇಡಬಹುದು, ಏತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘದ ಗುರುತು ಅಂತ ಮೂರಾಗಿ ಬಿಡಿಸಿಯೂ ಇಡಬಹುದು. ಎರಡೂ ನಿಯಮದ ಪ್ರಕಾರ ಸರಿ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎರಡನ್ನೂ ಕೊಟ್ಟು, ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದು ಹೋಲಿಸಿ. ಒಂದೇ ಆಗುತ್ತವೆ. ಅದೂ ಆಗದಿದ್ದರೆ ನಡುವೆ ಕಣ್ಣಿಗೆ ಕಾಣದ ಗುರುತು ಸೇರಿರಬಹುದು. "ಸಾಫ್ಟ್‌ವೇರ್" ಅಂತ ಬರೆಯುವಾಗ ಫ್ಟ ಕೆಳಗೆ ವತ್ತು ಬೀಳದಿರಲಿ ಅಂತ ಒಂದು ಗುರುತು ಹಾಕುತ್ತೇವಲ್ಲ, ಅದೇ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಆಮೇಲೆ ನಿಮ್ಮ ಕೋಡ್. ಹೊಸಬರಲ್ಲಿ ಆಗಾಗ ಕಾಣುವ ಒಂದು ಎಡವಟ್ಟು ಎಂದರೆ ತಮ್ಮ ಫೈಲಿಗೆ ರ‍್ಯಾಂಡಮ್ ಅಥವಾ ಸ್ಟ್ರಿಂಗ್ ಅಂತ ಹೆಸರಿಡುವುದು. ಆಗ ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ತೆರೆಯುತ್ತದೆ, ಇರಬೇಕಾದ ಫಂಕ್ಷನ್ ಇಲ್ಲ ಅನ್ನುತ್ತದೆ. 3.13ರಿಂದ ಆ ತಪ್ಪು ಸಂದೇಶದಲ್ಲೇ, ಫೈಲಿನ ಹೆಸರು ಬದಲಿಸಿ ನೋಡಿ ಎಂಬ ಸಲಹೆ ಬರುತ್ತದೆ.

ಮೂರನೆಯದು ಲೈಬ್ರರಿ. ನಂಪೈ, ಪಾಂಡಾಸ್, ಜಾಂಗೋ ಇವು ಪೈಥಾನ್‌ನ ಜೊತೆ ಬರುವುದಿಲ್ಲ, ಬೇರೆಯವರು ನೋಡಿಕೊಳ್ಳುತ್ತಾರೆ. ಅವುಗಳ ಬಗ್ ಅವರವರ ಬಗ್ ಪಟ್ಟಿಗೆ ಹೋಗಬೇಕು. ತಪ್ಪು ಸಂದೇಶದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಕೆಲವು ಸಾಲುಗಳಲ್ಲಿ ಸೈಟ್-ಪ್ಯಾಕೇಜಸ್ ಎಂಬ ಫೋಲ್ಡರಿನ ಹೆಸರಿದ್ದರೆ ಮೊದಲ ಅನುಮಾನ ಆ ಲೈಬ್ರರಿಯ ಮೇಲೆ. ಲೈಬ್ರರಿ ತೆಗೆದು, ಬರೀ ಪೈಥಾನ್‌ನಲ್ಲಿ ಅದೇ ತಪ್ಪು ಬರುತ್ತದೆಯೇ ನೋಡಿದರೆ ಖಾತ್ರಿ ಆಗುತ್ತದೆ.

ಕನ್ನಡ ಅಕ್ಷರ ಒಡೆದು ಕಾಣುವುದು, ಡಬ್ಬಿ ಡಬ್ಬಿ ಕಾಣುವುದು ಬಹುತೇಕ ಟರ್ಮಿನಲ್ ಅಥವಾ ಫಾಂಟ್‌ನ ತೊಂದರೆ. ವಿಂಡೋಸ್‌ನಲ್ಲಿ ಕನ್ನಡ ಫೈಲ್ ತೆರೆದಾಗ ಕಸ ಬಂದರೆ, ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಇಡುವ ಬಗೆ) ಯುಟಿಎಫ್-8 ಅಂತ ಹೇಳಿದ್ದೀರಾ ನೋಡಿ. ಹೇಳದಿದ್ದರೆ ಅದು ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್ ಹಿಡಿಯುತ್ತದೆ. ಹೇಳದಿದ್ದರೂ ಯುಟಿಎಫ್-8 ಎಂದೇ ತಿಳಿಯಬೇಕು ಎಂಬ ಬದಲಾವಣೆ 3.15ಕ್ಕೆ ಒಪ್ಪಿಗೆಯಾಗಿದೆ.

ಕೊನೆಯದು ದಾಖಲೆ, ಅಂದರೆ ಪೈಥಾನ್ ಹೇಗೆ ನಡೆಯುತ್ತದೆ ಎಂದು ಅದರವರೇ ಬರೆದಿಟ್ಟ ಕೈಪಿಡಿ. 0.1 + 0.2 ಕೂಡಿಸಿದರೆ 0.30000000000000004 ಬರುವುದು, 2.5 ಅನ್ನು ರೌಂಡ್ ಮಾಡಿದರೆ 2 ಬರುವುದು, "ಕನ್ನಡ" ಎಂಬ ಪದದ ಉದ್ದ 5 ಬರುವುದು ಯಾವುದೂ ಬಗ್ ಅಲ್ಲ, ಹೀಗೇ ಆಗುತ್ತದೆ ಎಂದು ಕಾರಣ ಸಮೇತ ಬರೆದಿಟ್ಟಿದ್ದಾರೆ. ಮೇಲೆ ಹೇಳಿದ ಬೆಳಗಾವಿಯ ತುಂಡುಗಳೂ ಇದೇ ಗುಂಪಿಗೆ ಸೇರುತ್ತವೆ. ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಎಂದರೆ ಅಕ್ಷರ, ಅಂಕಿ, ಅಡಿಗೆರೆ ಅಷ್ಟೇ ಎಂದು ದಾಖಲೆಯಲ್ಲಿದೆ. ಯೂನಿಕೋಡ್ ಲೆಕ್ಕದಲ್ಲಿ ಗುಡಿಸು, ಕೊಂಬು, ಹಲಂತ ಚಿಹ್ನೆ (್) ಇವು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ಹಾಗಾಗಿ ಅವು ಹೊರಗುಳಿಯುತ್ತವೆ. ಬರೆದಿದ್ದಂತೆಯೇ ನಡೆಯುತ್ತಿದೆ, ಆದರೂ ನಮಗೆ ಉಪಯೋಗವಿಲ್ಲ. ಇಂಥದ್ದನ್ನು ಏನು ಮಾಡಬೇಕು ಎಂಬುದಕ್ಕೆ ಮುಂದೆ ಬರುತ್ತೇನೆ.

ಎರಡನೆಯ ಹೆಜ್ಜೆ: ಹೊಸ ಆವೃತ್ತಿಯಲ್ಲಿ ನೋಡಿ

ಪೈಥಾನ್‌ನ ಒಂದೊಂದು ಆವೃತ್ತಿಗೂ ಐದು ವರ್ಷ ಆಯುಸ್ಸು. ಮೊದಲಿನ ಕೆಲವು ಕಾಲ ಬಗ್ ಸರಿಪಡಿಸುತ್ತಾರೆ, ಆಮೇಲೆ ಭದ್ರತೆಯ ತಿದ್ದುಪಡಿ ಮಾತ್ರ, ಆಮೇಲೆ ಏನೂ ಇಲ್ಲ. 3.8ರ ಕಾಲ 2024ರ ಅಕ್ಟೋಬರ್‌ಗೆ ಮುಗಿಯಿತು, 3.9ರದ್ದು 2025ರ ಅಕ್ಟೋಬರ್‌ಗೆ. ಲ್ಯಾಬಿನ ಕಂಪ್ಯೂಟರ್‌ನಲ್ಲಿ ಇನ್ನೂ 3.8 ಕೂತಿದ್ದರೆ ಅದರಲ್ಲಿ ಕಂಡ ಬಗ್ ಬಗ್ಗೆ ವರದಿ ಮಾಡಿ ಫಲವಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹೊಸದನ್ನು ಹಾಕಿ ನೋಡಿ.

ಕನ್ನಡದ ಮಟ್ಟಿಗೆ ಇದು ಇನ್ನೂ ಮುಖ್ಯ. ಹಳಗನ್ನಡದ ನಕಾರ ಪೊಲ್ಲು ಯೂನಿಕೋಡ್‌ಗೆ ಬಂದಿದ್ದು 2021ರಲ್ಲಿ, 14ನೇ ಆವೃತ್ತಿಯಲ್ಲಿ. ಪೈಥಾನ್ 3.10ರ ಒಳಗಿರುವುದು ಯೂನಿಕೋಡ್ 13, ಹಾಗಾಗಿ ಅದಕ್ಕೆ ಈ ಅಕ್ಷರದ ಗುರುತೇ ಇಲ್ಲ. 3.11ಕ್ಕೆ ಗೊತ್ತು. ಬಾದಾಮಿ, ಐಹೊಳೆ ಕಡೆಯ ಶಾಸನಗಳ ಪಾಠ ಟೈಪ್ ಮಾಡುವ ಕೆಲಸಕ್ಕೆ ಇಳಿದವರು ಇದನ್ನು ಗಮನದಲ್ಲಿಡಿ. ಅಕ್ಷರದ ಗುಣವನ್ನೇ ಯೂನಿಕೋಡ್ ತಪ್ಪಾಗಿ ಕೊಟ್ಟಿದೆ ಅನ್ನಿಸಿದರೆ ಆ ದೂರು ಹೋಗಬೇಕಾದದ್ದು ಯೂನಿಕೋಡ್ ಒಕ್ಕೂಟಕ್ಕೆ. ಪೈಥಾನ್ ಅವರ ಪಟ್ಟಿಯನ್ನು ತಂದು ಬಳಸುತ್ತದೆ ಅಷ್ಟೇ.

ಮೂರನೆಯ ಹೆಜ್ಜೆ: ಚಿಕ್ಕದು ಮಾಡಿ, ಇನ್ನೂ ಚಿಕ್ಕದು ಮಾಡಿ

ಈ ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಬೇರೆ ದೇಶದಲ್ಲಿ ಕೂತ, ನಿಮ್ಮನ್ನು ಎಂದೂ ನೋಡದ ಒಬ್ಬರು ನಿಮ್ಮ ಕೋಡ್ ನಕಲು ಮಾಡಿ ಓಡಿಸಿದ ತಕ್ಷಣ ಅದೇ ತಪ್ಪು ಅವರ ಪರದೆ ಮೇಲೆ ಬರಬೇಕು. ಅಷ್ಟು ಆದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು. ಅದು ಆಗದಿದ್ದರೆ ನೀವು ಎಷ್ಟು ಚೆನ್ನಾಗಿ ಬರೆದರೂ ವರದಿ ಹಾಗೇ ಕೂತಿರುತ್ತದೆ.

ಎಪಿಎಂಸಿ ದರದ ಪಟ್ಟಿ ಓದಿ, ಡೇಟಾಬೇಸ್‌ಗೆ ಹಾಕಿ, ವೆಬ್ ಪುಟದಲ್ಲಿ ತೋರಿಸುವ ನಾನೂರು ಸಾಲಿನ ಪ್ರೋಗ್ರಾಮ್ ನಿಮ್ಮದು ಅಂದುಕೊಳ್ಳಿ. ಮೊದಲು ಅದರ ನಕಲು ಮಾಡಿ, ಮೂಲ ಹಾಗೇ ಇರಲಿ. ನಕಲಿನಲ್ಲಿ ವೆಬ್ ಭಾಗ ಪೂರ್ತಿ ತೆಗೆಯಿರಿ. ತಪ್ಪು ಇನ್ನೂ ಬರುತ್ತಿದೆಯಾ? ಹಾಗಿದ್ದರೆ ವೆಬ್‌ಗೂ ಇದಕ್ಕೂ ಸಂಬಂಧವಿಲ್ಲ. ಡೇಟಾಬೇಸ್ ತೆಗೆಯಿರಿ. ಇನ್ನೂ ಬರುತ್ತಿದೆಯಾ? ಫೈಲ್ ಓದುವುದನ್ನು ತೆಗೆದು, ತಪ್ಪು ಬರಿಸುವ ಒಂದೇ ಸಾಲನ್ನು ಕೋಡ್ ಒಳಗೇ ಬರೆಯಿರಿ. ಆ ಸಾಲಿನಲ್ಲಿರುವ ಹತ್ತು ಊರುಗಳಲ್ಲಿ ಅರ್ಧ ತೆಗೆಯಿರಿ, ಆಮೇಲೆ ಉಳಿದದ್ದರಲ್ಲಿ ಅರ್ಧ. ಒಂದು ಹಂತದಲ್ಲಿ ಏನೋ ತೆಗೆದಾಗ ತಪ್ಪು ನಿಂತುಹೋಗುತ್ತದೆ. ಆಗ ಅದನ್ನು ಮಾತ್ರ ವಾಪಸ್ ಹಾಕಿ. ಕಣದಲ್ಲಿ ಜೋಳ ತೂರಿದ ಹಾಗೆ, ಹೊಟ್ಟೆಲ್ಲ ಹಾರಿಹೋಗಿ ಕೊನೆಗೆ ಮೂರು ನಾಲ್ಕು ಸಾಲು ಉಳಿಯುತ್ತವೆ. ಹೀಗೆ ತೆಗೆಯುತ್ತಾ ಹೋಗುವಾಗ ತಪ್ಪು ತನ್ನ ಕೋಡ್‌ನದ್ದೇ ಎಂದು ಬಹಳ ಜನರಿಗೆ ನಡುವೆಯೇ ಗೊತ್ತಾಗುತ್ತದೆ. ಅದೂ ಲಾಭವೇ.

ಉಳಿದ ತುಣುಕಿನಲ್ಲಿ ನಿಮ್ಮ ಕಾಲೇಜಿನ ವಿದ್ಯಾರ್ಥಿಗಳ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಇರಬಾರದು. ವರದಿ ಜಗತ್ತಿಗೆಲ್ಲ ಕಾಣುತ್ತದೆ, ಅಳಿಸಿದರೂ ಎಲ್ಲೋ ಉಳಿದಿರುತ್ತದೆ. ಜಮಖಂಡಿ, ಮುಧೋಳ, ಇಂಡಿ, ಸಿಂದಗಿ ಇಂಥ ಊರ ಹೆಸರು ಹಾಕಿ, ಸಾಕು.

ಇನ್ನು ಕನ್ನಡ ಪಠ್ಯ ಇರುವ ವರದಿಗೆ ಒಂದು ಮಾತು. ಓದುವವರಿಗೆ ನಮ್ಮ ಅಕ್ಷರ ಬರೀ ಚಿತ್ರ. ಅದರಲ್ಲಿ ಏತ್ವ ಇದೆಯೋ ಬಿಟ್ಟುಹೋಗಿದೆಯೋ ಅವರಿಗೆ ಗೊತ್ತಾಗುವುದಿಲ್ಲ. ನಕಲು ಮಾಡುವಾಗ ಕಾಣದ ಗುರುತುಗಳು ಬಿದ್ದುಹೋಗಲೂಬಹುದು. ಅದಕ್ಕೆ ಪೈಥಾನ್‌ನಲ್ಲೇ ಆಸ್ಕಿ ಎಂಬ ಫಂಕ್ಷನ್ ಇದೆ. ನಿಮ್ಮ ಪದವನ್ನು ಅದಕ್ಕೆ ಕೊಟ್ಟರೆ ಒಂದೊಂದು ಅಕ್ಷರವನ್ನೂ ಯೂನಿಕೋಡ್ ಸಂಖ್ಯೆಯಾಗಿ ಬಿಡಿಸಿ ಬರೆಯುತ್ತದೆ. ಕನ್ನಡ ಪದ ಒಂದು ಸಾಲು, ಅದರ ಕೆಳಗೆ ಈ ಬಿಡಿಸಿದ ರೂಪ ಒಂದು ಸಾಲು, ಎರಡನ್ನೂ ಹಾಕಿ. ಕನ್ನಡ ಬಾರದವರೂ ಆಗ ನಿಮ್ಮ ಬಗ್ಗನ್ನು ಸರಿಯಾಗಿ ನೋಡಬಲ್ಲರು. ಈ ಒಂದು ಸಾಲಿಲ್ಲದೆ ಭಾರತೀಯ ಲಿಪಿಗಳ ವರದಿಗಳು ಅರ್ಥವಾಗದೆ ಉಳಿಯುವುದು ನೋಡಿದರೆ ಬೇಜಾರಾಗುತ್ತದೆ.

ಪೈಥಾನ್ ತಪ್ಪು ಸಂದೇಶ ಕೊಡದೆ ಒಮ್ಮೆಲೇ ಕುಸಿದು ಬಿದ್ದರೆ, ಅಂದರೆ ಸೆಗ್ಮೆಂಟೇಶನ್ ಫಾಲ್ಟ್ ಆದರೆ, ಫಾಲ್ಟ್‌ಹ್ಯಾಂಡ್ಲರ್ ಚಾಲೂ ಮಾಡಿ ಮತ್ತೆ ಓಡಿಸಿ. ಯಾವ ಸಾಲಿನಲ್ಲಿ ಬಿತ್ತು, ಯಾವ ಹೊರಗಿನ ಸಿ ಮಾಡ್ಯೂಲ್‌ಗಳು ಒಳಗಿದ್ದವು ಎಂದು ಅದು ಬರೆಯುತ್ತದೆ. ಹೊರಗಿನ ಮಾಡ್ಯೂಲ್ ಒಂದೂ ಇಲ್ಲದೆ, ಬರೀ ಪೈಥಾನ್ ಕೋಡ್‌ನಿಂದ ಹೀಗೆ ಬಿದ್ದರೆ ಬಹುಪಾಲು ಅದು ನಿಜವಾದ ಬಗ್ ಆಗಿರುತ್ತದೆ. ರಸ್ಟ್‌ನಲ್ಲಿ ಕಂಪೈಲರ್ ತಾನೇ ಕುಸಿದರೆ, ಇದು ನಮ್ಮ ಬಗ್, ದಯವಿಟ್ಟು ತಿಳಿಸಿ ಎಂದು ಸಂದೇಶದಲ್ಲೇ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಮೊದಲೇ ಯಾರಾದರೂ ಹೇಳಿದ್ದಾರಾ?

ಪೈಥಾನ್‌ನ ಬಗ್ ಪಟ್ಟಿ 2022ರ ಏಪ್ರಿಲ್‌ನಲ್ಲಿ ಹಳೆಯ ಜಾಗದಿಂದ, ಕೋಡ್ ಇಡುವ ಗಿಟ್‌ಹಬ್ ಜಾಲತಾಣಕ್ಕೆ ಬಂತು, ಹಳೆಯ ವರದಿಗಳೂ ಜೊತೆಗೇ ಬಂದವು. ಸಿಪೈಥಾನ್ ಎಂಬ ರೆಪೊಸಿಟರಿಯ (ಕೋಡ್ ಸಂಗ್ರಹದ) ಇಶ್ಯೂಸ್ ವಿಭಾಗದಲ್ಲಿ ಹುಡುಕಿ. ತೆರೆದಿರುವುದನ್ನು ಮಾತ್ರ ನೋಡಿ ಬಿಡಬೇಡಿ, ಮುಚ್ಚಿದವನ್ನೂ ನೋಡಿ. ತಪ್ಪು ಸಂದೇಶದ ಸಾಲು, ಫಂಕ್ಷನ್‌ನ ಹೆಸರು, ಮಾಡ್ಯೂಲ್‌ನ ಹೆಸರು ಹೀಗೆ ಬೇರೆ ಬೇರೆ ಪದ ಹಾಕಿ. ಕನ್ನಡ ಅಂತ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಹಿಂದಿ, ತಮಿಳು, ದೇವನಾಗರಿ, ಯೂನಿಕೋಡ್ ಅಂತಲೂ ಹುಡುಕಿ. ನಮ್ಮ ಲಿಪಿಗಳಿಗೆಲ್ಲ ಹೆಚ್ಚಾಗಿ ಒಂದೇ ಕಾಯಿಲೆ ಇರುತ್ತದೆ.

ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ವಿಚಾರ ಹುಡುಕಿದರೆ ಬಹಳ ಹಿಂದೆಯೇ ಹಾಕಿದ ವರದಿ ಸಿಗುತ್ತದೆ. ಇಂಥ ಕಡೆ ಹೊಸ ವರದಿ ಬೇಡ. ಹಳೆಯದರ ಕೆಳಗೆ "ನನಗೂ ಹೀಗೇ" ಅಂತ ಬರೆಯುವುದೂ ಬೇಡ, ಹೆಬ್ಬೆರಳಿನ ಗುರುತು ಒತ್ತಿದರೆ ಸಾಕು. ಆದರೆ ಅಲ್ಲಿ ಇಲ್ಲದ ಮಾಹಿತಿ ನಿಮ್ಮಲ್ಲಿದ್ದರೆ ಖಂಡಿತ ಸೇರಿಸಿ: ಈಗಿನ ಆವೃತ್ತಿಯಲ್ಲೂ ಬರುತ್ತಿದೆ, ಕನ್ನಡದಲ್ಲಿ ಹೀಗೆ ತುಂಡಾಗುತ್ತದೆ, ಬಿಡಿಸಿದ ರೂಪ ಇದು.

ಇಷ್ಟು ವರ್ಷವಾದರೂ ಯಾಕೆ ಸರಿಮಾಡಿಲ್ಲ ಅಂತ ಸಿಟ್ಟು ಬರಬಹುದು. ಆ ಗುರುತಿನ ಅರ್ಥ ಈಗ ಬದಲಿಸಿದರೆ ಈಗಿರುವಂತೆಯೇ ನಂಬಿ ಬರೆದ ಲೆಕ್ಕವಿಲ್ಲದಷ್ಟು ಪ್ರೋಗ್ರಾಮ್‌ಗಳು ಒಂದೇ ದಿನ ಬೇರೆ ಉತ್ತರ ಕೊಡಲು ಶುರುಮಾಡುತ್ತವೆ. ಹಳೆಯ ನಡವಳಿಕೆ ಬದಲಿಸುವುದಿದ್ದರೆ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಟ್ಟು ಆಮೇಲೆ ಬದಲಿಸಬೇಕು ಎಂಬ ನಿಯಮ ಪೈಥಾನ್‌ನಲ್ಲಿದೆ. ನಮಗೆ ಕಷ್ಟವಾದರೂ ಆ ನಿಯಮ ಸರಿ ಎಂದೇ ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಕೆಲಸ ನಿಲ್ಲಬಾರದು: ರೆಜೆಕ್ಸ್ ಎಂಬ ಹೊರಗಿನ ಮಾಡ್ಯೂಲ್ ಹಾಕಿಕೊಂಡರೆ ಅದೇ ಗುರುತು ಗುಡಿಸು ಕೊಂಬುಗಳನ್ನೂ ಸೇರಿಸಿಕೊಂಡು ಬೆಳಗಾವಿಯನ್ನು ಇಡಿಯಾಗಿ ಕೊಡುತ್ತದೆ.

ಐದನೆಯ ಹೆಜ್ಜೆ: ಬರೆಯುವುದು

ವರದಿ ಇಂಗ್ಲಿಷ್‌ನಲ್ಲೇ ಇರಬೇಕು. ಇಂಗ್ಲಿಷ್ ಅಷ್ಟು ಬರುವುದಿಲ್ಲ ಅಂತ ಹಿಂಜರಿಯುವವರು ನಮ್ಮ ಕಡೆ ಬಹಳ. ಹಿಂಜರಿಯಬೇಡಿ. ಅಲ್ಲಿ ಬರೆಯುವವರಲ್ಲಿ ತುಂಬಾ ಜನರ ಮನೆಮಾತು ಇಂಗ್ಲಿಷ್ ಅಲ್ಲ, ವ್ಯಾಕರಣ ಯಾರೂ ನೋಡುವುದಿಲ್ಲ. ಮೂರು ವಿಷಯ ಬಂದರೆ ಆಯಿತು: ಏನು ಮಾಡಿದೆ, ಏನು ಬಂತು, ಏನು ಬರಬೇಕಿತ್ತು. ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

"ಇಂಥ ಮಾಡ್ಯೂಲ್‌ನ ಇಂಥ ಫಂಕ್ಷನ್‌ಗೆ ಮುಧೋಳ ಎಂಬ ಪದ ಕೊಟ್ಟೆ. ಬಿಡಿಸಿದ ರೂಪ ಕೆಳಗಿದೆ. ಕೊನೆಯ ಅಕ್ಷರ ಬಿಟ್ಟು ಉತ್ತರ ಬಂತು. ಪೂರ್ತಿ ಪದ ಬರಬೇಕಿತ್ತು, ಯಾಕೆಂದರೆ ದಾಖಲೆಯ ಈ ಸಾಲು ಹಾಗೆ ಹೇಳುತ್ತದೆ. ಪೈಥಾನ್ 3.14, ಉಬುಂಟು. 3.12ರಲ್ಲಿ ಸರಿ ಬರುತ್ತಿತ್ತು."

ಇದು ತೋರಿಸಲು ಬರೆದದ್ದು, ಇಂಥ ಬಗ್ ಇದೆ ಎಂದಲ್ಲ. ಕೊನೆಯ ವಾಕ್ಯ ಗಮನಿಸಿ. ಮೊದಲು ಸರಿ ಇತ್ತು, ಈಗ ಕೆಟ್ಟಿದೆ ಎಂದು ತೋರಿಸಿದರೆ ಹುಡುಕುವವರ ಕೆಲಸ ಬಹಳ ಹಗುರವಾಗುತ್ತದೆ.

ತಲೆಬರಹದಲ್ಲೇ ವಿಷಯ ಇರಲಿ. "ಕನ್ನಡ ಕೆಲಸ ಮಾಡುತ್ತಿಲ್ಲ, ಅರ್ಜೆಂಟ್" ಅಂದರೆ ಏನೂ ತಿಳಿಯುವುದಿಲ್ಲ. ಯಾವ ಫಂಕ್ಷನ್, ಏನು ಕೊಟ್ಟಾಗ, ಏನಾಗುತ್ತದೆ, ಇಷ್ಟನ್ನು ಒಂದೇ ಸಾಲಿನಲ್ಲಿ ಹೇಳಿ. ಆವೃತ್ತಿ ಬರೆಯುವಾಗ ಸುಮ್ನೆ ಪೈಥಾನ್ 3 ಅನ್ನಬೇಡಿ. ಪೈಥಾನ್ ಆದೇಶದ ಮುಂದೆ ಒಂದು ಅಡ್ಡಗೆರೆ, ಎರಡು ದೊಡ್ಡ ವಿ ಹಾಕಿದರೆ ಬರುವ ಪೂರ್ತಿ ಸಾಲನ್ನು ಅಂಟಿಸಿ. ಗೋ ಭಾಷೆಯಲ್ಲಿ ಇದಕ್ಕೆಂದೇ ಗೋ ಬಗ್ ಎಂಬ ಆದೇಶ ಇದೆ, ಯಂತ್ರದ ವಿವರವನ್ನೆಲ್ಲ ತಾನೇ ತುಂಬಿ ವರದಿಯ ಪುಟ ತೆರೆಯುತ್ತದೆ. ಜೂಲಿಯಾದಲ್ಲಿ ವರ್ಷನ್‌ಇನ್ಫೋ.

ಮೊಬೈಲ್‌ನಲ್ಲಿ ಪರದೆಯ ಫೋಟೋ ಹೊಡೆದು ಹಾಕಬೇಡಿ. ವಾಟ್ಸಾಪ್ ಗುಂಪುಗಳಲ್ಲಿ ನಮಗೆಲ್ಲ ಅದೇ ರೂಢಿ. ಆದರೆ ಫೋಟೋದಲ್ಲಿರುವ ಕೋಡ್ ಯಾರೂ ಓಡಿಸಲಾರರು, ನಾಳೆ ಇದೇ ತಪ್ಪು ಹುಡುಕುವವರಿಗೆ ಅದು ಸಿಗುವುದೂ ಇಲ್ಲ. ಕೋಡ್ ಮತ್ತು ತಪ್ಪು ಸಂದೇಶ ಎರಡನ್ನೂ ಪಠ್ಯವಾಗಿಯೇ, ಪೂರ್ತಿಯಾಗಿ ಅಂಟಿಸಿ. ಎಐ ಬಳಸಿ ಭಾಷೆ ತಿದ್ದಿಸಿಕೊಂಡರೆ ತಪ್ಪಿಲ್ಲ. ಆದರೆ ಅದು ಸೇರಿಸಿದ ಒಂದೊಂದು ಮಾತನ್ನೂ ನೀವೇ ಓಡಿಸಿ ನೋಡಿರಬೇಕು. ಓಡಿಸದೆ ಹಾಕಿದ ವರದಿಯಿಂದ ಅಲ್ಲಿರುವವರ ಗಂಟೆಗಟ್ಟಲೆ ಸಮಯ ಹೋಗುತ್ತದೆ.

ಒಂದು ಬಗೆಯ ಬಗ್ಗನ್ನು ಮಾತ್ರ ಇಲ್ಲಿ ಬರೆಯಲೇಬಾರದು. ಬೇರೆಯವರ ಯಂತ್ರಕ್ಕೆ ನುಗ್ಗಲು, ಮಾಹಿತಿ ಕದಿಯಲು ದಾರಿ ಮಾಡುವಂಥದ್ದು ಸಿಕ್ಕರೆ ಪೈಥಾನ್‌ನ ಭದ್ರತಾ ತಂಡಕ್ಕೆ ಗುಟ್ಟಾಗಿ ಇಮೇಲ್ ಮಾಡಬೇಕು. ತಿದ್ದುಪಡಿ ಬರುವವರೆಗೆ ಯಾರಿಗೂ, ಗೆಳೆಯರ ಗುಂಪಿನಲ್ಲೂ ಹೇಳಬಾರದು.

ಹಾಕಿದ ಮೇಲೆ

ಉತ್ತರ ಒಂದು ಗಂಟೆಯಲ್ಲಿ ಬರಬಹುದು, ತಿಂಗಳಾದರೂ ಬರದಿರಬಹುದು. ಯಾರಾದರೂ ಪ್ರಶ್ನೆ ಕೇಳಿದರೆ ಬೇಗ ಉತ್ತರಿಸಿ. ಉತ್ತರ ಬಾರದ ವರದಿಗಳನ್ನು ಮುಚ್ಚಿಬಿಡುತ್ತಾರೆ. ಇದು ಬಗ್ ಅಲ್ಲ ಅಂತ ಹೇಳಿ ಮುಚ್ಚಿದರೆ ಅವರ ಕಾರಣ ಓದಿ. ಒಪ್ಪಿಗೆಯಾಗದಿದ್ದರೆ ಹೊಸ ಸಾಕ್ಷಿ ಇಟ್ಟು ಒಮ್ಮೆ ಹೇಳಿ. ಬೈಯುವುದು, ಅದನ್ನೇ ಮತ್ತೆ ಮತ್ತೆ ಹೇಳುವುದು ಬೇಡ. ನಡವಳಿಕೆ ಸರಿ ಇದೆ ಆದರೆ ದಾಖಲೆ ಓದಿ ಯಾರಾದರೂ ಎಡವುತ್ತಾರೆ ಅನ್ನಿಸಿದರೆ, ದಾಖಲೆಯ ಬಗ್ ಅಂತಲೇ ಬೇರೆ ವರದಿ ಹಾಕಬಹುದು, ಅದಕ್ಕೂ ಅಲ್ಲೇ ಜಾಗವಿದೆ. ಹೊಸ ಕೊಡುಗೆ ಶುರುಮಾಡಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ದಾಖಲೆಯ ಫೈಲ್‌ಗಳು ಅದೇ ರೆಪೊಸಿಟರಿಯಲ್ಲಿವೆ, ತಿದ್ದಲು ಸಿ ಭಾಷೆ ಬರಬೇಕಿಲ್ಲ.

ನೀವೇ ಸರಿಪಡಿಸುವುದಾದರೆ

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಾಗಲಿ, ವಿಜಯಪುರದ ಹಳಕಟ್ಟಿ ಕಾಲೇಜಾಗಲಿ, ಎರಡನೇ ವರ್ಷ ಮುಗಿಸಿದ ವಿದ್ಯಾರ್ಥಿಗೆ ಇದು ಖಂಡಿತ ಸಾಧ್ಯ. ಪೈಥಾನ್ ಜೊತೆ ಬರುವ ಮಾಡ್ಯೂಲ್‌ಗಳಲ್ಲಿ ಬಹಳಷ್ಟು ಪೈಥಾನ್‌ನಲ್ಲೇ ಬರೆದವು, ಲಿಬ್ ಎಂಬ ಫೋಲ್ಡರ್‌ನಲ್ಲಿವೆ. ಅಲ್ಲಿಂದ ಶುರುಮಾಡಿ. ಸುಲಭದ ಬಗ್‌ಗಳಿಗೆ ಈಸಿ ಎಂಬ ಲೇಬಲ್ ಹಚ್ಚಿರುತ್ತಾರೆ. ಬೇರೆ ಯಾರಾದರೂ ಈಗಾಗಲೇ ಕೈಹಾಕಿದ್ದಾರಾ ಎಂದು ಮೊದಲು ನೋಡಿ.

ರೆಪೊಸಿಟರಿಯನ್ನು ನಿಮ್ಮ ಗಿಟ್‌ಹಬ್ ಖಾತೆಗೆ ಫೋರ್ಕ್ ಮಾಡಿ (ನಿಮ್ಮದೇ ಒಂದು ನಕಲು), ಅಲ್ಲಿಂದ ಕ್ಲೋನ್ ಮಾಡಿ (ನಿಮ್ಮ ಯಂತ್ರಕ್ಕೆ ಇಳಿಸಿ). ಇತಿಹಾಸ ಸಮೇತ ಇಳಿಸಿದರೆ ದೊಡ್ಡದು, ಹಾಸ್ಟೆಲ್ ವೈಫೈನಲ್ಲಿ ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಬರೀ ತಿದ್ದುವುದಿದ್ದರೆ ಇತಿಹಾಸ ಬಿಟ್ಟು ಇಳಿಸಿಕೊಳ್ಳಬಹುದು. ಲ್ಯಾಪ್‌ಟಾಪ್‌ನ ಶಕ್ತಿ ಸಾಲದಿದ್ದರೆ ಗಿಟ್‌ಹಬ್‌ನ ಕೋಡ್‌ಸ್ಪೇಸಸ್‌ನಲ್ಲಿ ಬ್ರೌಸರ್ ಒಳಗೇ ಕೆಲಸ ಮಾಡಬಹುದು, ಪೈಥಾನ್‌ನವರು ಅದಕ್ಕೆ ಬೇಕಾದ ತಯಾರಿ ಮಾಡಿಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಕಾನ್ಫಿಗರ್ ಆದೇಶಕ್ಕೆ ಪೈಡೀಬಗ್ ಆಯ್ಕೆ ಸೇರಿಸಿ ಓಡಿಸಿ, ಆಮೇಲೆ ಮೇಕ್. ಸ್ವಲ್ಪ ಹೊತ್ತಿಗೆ ನೀವೇ ಕಟ್ಟಿದ ಪೈಥಾನ್ ಅದೇ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಅದರಲ್ಲಿ ನಿಮ್ಮ ಮೂರು ಸಾಲು ಓಡಿಸಿ, ಬಗ್ ಇನ್ನೂ ಇದೆಯೇ ನೋಡಿ. ಕೆಲವೊಮ್ಮೆ ಮೇನ್ ಶಾಖೆಯಲ್ಲಿ, ಅಂದರೆ ಮುಂದಿನ ಆವೃತ್ತಿ ತಯಾರಾಗುವ ಕೋಡ್‌ನಲ್ಲಿ, ಯಾರೋ ಆಗಲೇ ಸರಿಮಾಡಿರುತ್ತಾರೆ.

ಮೊದಲು ಸರಿ ಇದ್ದು ಆಮೇಲೆ ಕೆಟ್ಟ ಬಗ್ ಆದರೆ ಗಿಟ್ ಬೈಸೆಕ್ಟ್ ಬಳಸಿ, ಆಗ ಇತಿಹಾಸ ಬೇಕು. ಸರಿ ಇದ್ದ ಒಂದು ಜಾಗ, ಕೆಟ್ಟ ಒಂದು ಜಾಗ ಹೇಳಿದರೆ ಅದು ನಡುವಿನ ಬದಲಾವಣೆಯನ್ನು ತೆಗೆದು ಕೊಡುತ್ತದೆ. ನೀವು ಕಟ್ಟಿ ನೋಡಿ ಸರಿ ಅಥವಾ ತಪ್ಪು ಅನ್ನಬೇಕು. ಪ್ರತಿ ಸಲವೂ ಉಳಿದದ್ದು ಅರ್ಧವಾಗುತ್ತದೆ. ಸಾವಿರ ಬದಲಾವಣೆ ಇದ್ದರೂ ಸುಮಾರು ಹತ್ತು ಸುತ್ತಿನಲ್ಲಿ, ಕೆಡಿಸಿದ ಆ ಒಂದು ಬದಲಾವಣೆ ಕೈಗೆ ಸಿಗುತ್ತದೆ. ಸರಿಪಡಿಸಲು ಬಾರದಿದ್ದರೂ ಇಷ್ಟು ಮಾಡಿ ವರದಿಯಲ್ಲಿ ಬರೆದರೆ ಅದು ಬಹಳ ದೊಡ್ಡ ಉಪಕಾರ.

ಕೋಡ್ ಮುಟ್ಟುವ ಮೊದಲು ಟೆಸ್ಟ್ ಬರೆಯಿರಿ. ಪ್ರತಿ ಮಾಡ್ಯೂಲ್‌ಗೂ ಅದರದ್ದೇ ಟೆಸ್ಟ್ ಫೈಲ್ ಇದೆ, ನಿಮ್ಮ ಮೂರು ಸಾಲು ಅಲ್ಲಿ ಒಂದು ಟೆಸ್ಟ್ ಆಗುತ್ತದೆ. ಓಡಿಸಿ, ಅದು ಸೋಲಬೇಕು. ಆಮೇಲೆ ಕೋಡ್ ತಿದ್ದಿ. ಈಗ ಗೆಲ್ಲಬೇಕು, ಉಳಿದ ಟೆಸ್ಟ್‌ಗಳೂ ಮೊದಲಿನಂತೆಯೇ ಗೆಲ್ಲುತ್ತಿರಬೇಕು. ಕನ್ನಡ ಪದ ಇರುವ ಒಂದು ಟೆಸ್ಟ್ ಒಳಗೆ ಹೋಯಿತೆಂದರೆ, ಮುಂದೆ ಯಾರಾದರೂ ಗೊತ್ತಿಲ್ಲದೆ ಅದನ್ನು ಕೆಡಿಸಿದ ಕೂಡಲೇ ಟೆಸ್ಟ್ ಕೂಗುತ್ತದೆ. ತಿದ್ದುಪಡಿಗಿಂತ ಈ ಟೆಸ್ಟ್‌ಗೇ ಬೆಲೆ ಜಾಸ್ತಿ ಅನ್ನುತ್ತೇನೆ ನಾನು. ಅಕ್ಕಪಕ್ಕದ ಕೋಡ್ ಚೆಂದ ಮಾಡಲು ಹೋಗಬೇಡಿ, ಒಂದು ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಒಂದೇ ಬಗ್.

ಪುಲ್ ರಿಕ್ವೆಸ್ಟ್‌ನ ತಲೆಬರಹ ಇಶ್ಯೂ ಸಂಖ್ಯೆಯಿಂದ ಶುರುವಾಗಬೇಕು. ಮೊದಲ ಸಲ ಕಳಿಸುವವರು ಕೊಡುಗೆಯ ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಬೇಕು, ಕಳಿಸಿದ ಕೂಡಲೇ ಒಂದು ಬಾಟ್ ಕೇಳುತ್ತದೆ. ಬದಲಾವಣೆ ಏನು ಎಂದು ಬಳಸುವವರಿಗೆ ತಿಳಿಸುವ ಒಂದೆರಡು ಸಾಲಿನ ಸುದ್ದಿ ಟಿಪ್ಪಣಿ ಬೇಕು, ಅದನ್ನು ಬ್ಲರ್ಬ್ ಎಂಬ ಸಾಧನದಿಂದ ಸೇರಿಸಬಹುದು. ಆಮೇಲೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಟೆಸ್ಟ್‌ಗಳು ತಾವಾಗಿಯೇ ಓಡುತ್ತವೆ. ವಿಂಡೋಸ್‌ನಲ್ಲಿ ಮಾತ್ರ ಸೋತರೆ, ಹೆದರದೆ ಲಾಗ್ ತೆರೆದು ಓದಿ.

ಆಮೇಲೆ ಕೋರ್ ಡೆವಲಪರ್ (ಕೋಡ್ ಸೇರಿಸುವ ಅಧಿಕಾರ ಇರುವವರು) ಒಬ್ಬರು ಓದಿ ತಿದ್ದುಪಡಿ ಹೇಳುತ್ತಾರೆ. ಸಾಲು ಸಾಲಿಗೂ ಏನಾದರೂ ಹೇಳಿದರೆ ಬೇಸರ ಬೇಡ, ಎಲ್ಲರಿಗೂ ಹಾಗೇ. ಹೇಳಿದ್ದನ್ನು ಮಾಡಿ, ಮಾಡಿದ್ದೇನೆ ಎಂದು ಬರೆಯಿರಿ. ಯಾರೂ ನೋಡದೆ ಕೆಲವು ವಾರ ಕಳೆದರೆ ಒಮ್ಮೆ ವಿನಯದಿಂದ ನೆನಪಿಸಿ. ಒಪ್ಪಿಗೆಯಾದರೆ ಮೊದಲು ಮೇನ್ ಶಾಖೆಗೆ ಸೇರುತ್ತದೆ. ಬಗ್ ತಿದ್ದುವ ಅವಧಿಯಲ್ಲಿರುವ ಹಳೆಯ ಆವೃತ್ತಿಗಳಿಗೂ ಬೇಕಿದ್ದರೆ ಅವರು ಲೇಬಲ್ ಹಚ್ಚುತ್ತಾರೆ, ಬಾಟ್ ಆ ಶಾಖೆಗಳಿಗೆ ಬೇರೆ ಪುಲ್ ರಿಕ್ವೆಸ್ಟ್ ತೆರೆಯುತ್ತದೆ.

ಸೇರಿತು ಎಂದರೆ ಎಲ್ಲರ ಕೈಗೆ ಬಂತು ಎಂದಲ್ಲ. ಆ ಶಾಖೆಯ ಮುಂದಿನ ಬಿಡುಗಡೆ ಆದಾಗ ಅದನ್ನು ಹಾಕಿಕೊಂಡು ನಿಮ್ಮ ಮೂರು ಸಾಲನ್ನು ಇನ್ನೊಮ್ಮೆ ಓಡಿಸಿ. ಸರಿ ಬಂದರೆ ಪ್ರಾಜೆಕ್ಟ್‌ನಲ್ಲಿ ಹಾಕಿದ್ದ ತೇಪೆಯನ್ನು ತೆಗೆಯಿರಿ, ಯಾವ ಆವೃತ್ತಿಯಿಂದ ಅದು ಬೇಡ ಎಂದು ಕಾಮೆಂಟ್‌ನಲ್ಲಿ ಇಶ್ಯೂ ಸಂಖ್ಯೆ ಸಮೇತ ಬರೆದಿಡಿ, ಲ್ಯಾಬ್ ನೋಡಿಕೊಳ್ಳುವವರಿಗೂ ಹೊಸ ಆವೃತ್ತಿ ಹಾಕಲು ಹೇಳಿ.